ಹೆಲ್ಪ್‌ಮೇಟ್ ಬಿಡಿಸುವ ಮೊದಲು ಹಿಂದಿನ ನಡೆ ಹುಡುಕಿ: ರೆಟ್ರೊ ಸಮಸ್ಯೆಗಳಿಗೆ ಹಂತ ಹಂತದ ದಾರಿ

ಚೆಸ್ ಸಮಸ್ಯೆ ಬಿಡಿಸುವವರು ಬೆಳಗಾವಿಯಿಂದ ಕೇಳಿದರೂ ಅದೇ, ಜಮಖಂಡಿ, ಸಿಂದಗಿಯಿಂದ ಕೇಳಿದರೂ ಅದೇ ಪ್ರಶ್ನೆ. "ಸರ್, ಉತ್ತರದಾಗ ಆನ್ ಪಾಸಾಂ ಅಂತ ಕೊಟ್ಟಾರ. ಬಿಳಿ ಪ್ಯಾದೆ ಈಗಷ್ಟೇ ಎರಡು ಮನೆ ಹಾರಿತ್ತು ಅಂತ ಎಲ್ಲೂ ಬರೆದಿಲ್ಲ. ಮತ್ತ ಹೆಂಗ ಹೊಡೀತು?" ಇನ್ನು ಕೆಲವರದು ಇದರ ಉಲ್ಟಾ. "ರಾಜ, ಆನೆ ಎರಡೂ ಜಾಗದಲ್ಲೇ ಇವೆ. ನಾನು ಕ್ಯಾಸ್ಲಿಂಗ್ ಮಾಡಿದೆ. ತಪ್ಪು ಅಂತಾರೆ, ಯಾಕೆ?"

ಎರಡಕ್ಕೂ ಉತ್ತರ ಒಂದೇ ಕಡೆ ಇದೆ. ಇಂಥ ಸಮಸ್ಯೆಯಲ್ಲಿ ಬೋರ್ಡ್ ಮೇಲಿನ ಕಾಯಿಗಳು ಮುಂದಿನ ಆಟ ಒಂದನ್ನೇ ಹೇಳುವುದಿಲ್ಲ, ತಾವು ಅಲ್ಲಿಗೆ ಹೇಗೆ ಬಂದೆವು ಅನ್ನುವುದನ್ನೂ ಹೇಳುತ್ತವೆ. ಅದನ್ನು ಓದುವ ಕ್ರಮ ಗೊತ್ತಾದರೆ ಸಾಕು. ಅಷ್ಟು ಕಷ್ಟವಿಲ್ಲ. ಆದರೆ ಆತುರ ಮಾತ್ರ ಬೇಡ.

ಮೊದಲು ಕೆಲವು ಪದಗಳು

ರಾಜನ ಮೇಲೆ ದಾಳಿ ಬಿದ್ದರೆ ಚೆಕ್, ಅದರಿಂದ ತಪ್ಪಿಸಿಕೊಳ್ಳಲು ದಾರಿಯೇ ಇಲ್ಲದಿದ್ದರೆ ಮೇಟ್. ಹೆಲ್ಪ್‌ಮೇಟ್ ಅಂದರೆ ಎರಡೂ ಕಡೆಯವರು ಸೇರಿ ಕಪ್ಪು ರಾಜನಿಗೆ ಮೇಟ್ ಮಾಡಿಸುವ ಸಮಸ್ಯೆ. ಇಲ್ಲಿ ಜಗಳವಿಲ್ಲ, ಇಬ್ಬರೂ ಒಂದೇ ಪಕ್ಷ. ನಡೆ ಶುರು ಮಾಡುವುದು ಕಪ್ಪು, ಕೊನೆಯ ನಡೆ ಬಿಳಿಯದು. 'ಹೆಲ್ಪ್‌ಮೇಟ್ 1' ಅಂದರೆ ಕಪ್ಪು ಒಂದು ನಡೆ, ಬಿಳಿ ಒಂದು ನಡೆ, ಮೇಟ್. 'ಹೆಲ್ಪ್‌ಮೇಟ್ 2' ಅಂದರೆ ಕಪ್ಪು, ಬಿಳಿ, ಕಪ್ಪು, ಬಿಳಿ. ಜರ್ಮನಿಯ ಮ್ಯಾಕ್ಸ್ ಲಾಂಗೆ 1854ರಲ್ಲಿ ಈ ಬಗೆಯ ಸಮಸ್ಯೆ ಕಟ್ಟಿದರು. ಕಪ್ಪು ಮೊದಲು ನಡೆಯುವ ಈಗಿನ ರೂಪ ಅಮೆರಿಕದ ಸ್ಯಾಮ್ ಲಾಯ್ಡ್ 1860ರಲ್ಲಿ ಕೊಟ್ಟದ್ದು.

ರೆಟ್ರೊ ವಿಶ್ಲೇಷಣೆ ಅಂದರೆ ಹಿಂದಕ್ಕೆ ಯೋಚಿಸುವುದು. ಈ ಸ್ಥಿತಿಗೆ ಮೊದಲು ಯಾವ ನಡೆ ಆಗಿರಬೇಕು, ಯಾವುದು ಆಗಿರಲು ಸಾಧ್ಯವೇ ಇಲ್ಲ ಅಂತ ತರ್ಕದಿಂದ ತೋರಿಸುವುದು. ಇಂಗ್ಲೆಂಡಿನ ಟಿ. ಆರ್. ಡಾಸನ್ (1889–1951) ಈ ಕಲೆಯನ್ನು ಬಹಳ ಬೆಳೆಸಿದರು.

ಆನ್ ಪಾಸಾಂ ನಿಮಗೆ ಗೊತ್ತೇ ಇದೆ. ಎದುರಾಳಿಯ ಪ್ಯಾದೆ ಎರಡು ಮನೆ ಹಾರಿ ನಮ್ಮ ಪ್ಯಾದೆಯ ಪಕ್ಕ ನಿಂತರೆ, ಅದು ಒಂದೇ ಮನೆ ಬಂದಿದೆ ಅನ್ನುವ ಹಾಗೆ ಅದನ್ನು ಹೊಡೆಯಬಹುದು. ಆದರೆ ತಕ್ಷಣದ ನಡೆಯಲ್ಲೇ ಹೊಡೆಯಬೇಕು. ಕ್ಯಾಸ್ಲಿಂಗ್ ಅಂದರೆ ರಾಜ ಆನೆಯ ಕಡೆ ಎರಡು ಮನೆ ಸರಿದು, ಆನೆ ಅವನನ್ನು ದಾಟಿ ಪಕ್ಕಕ್ಕೆ ಬರುವ ಒಂದೇ ನಡೆ; ಇಬ್ಬರಲ್ಲಿ ಯಾರಾದರೂ ಮೊದಲೇ ನಡೆದಿದ್ದರೆ ಆ ಹಕ್ಕು ಇಲ್ಲ.

ಕಾಯಿಗಳಿಗೆ ನಾನು ರಾಜ, ಮಂತ್ರಿ, ಆನೆ, ಒಂಟೆ, ಕುದುರೆ, ಪ್ಯಾದೆ ಅಂತ ಬರೆಯುತ್ತೇನೆ. ಬೆಳಗಾವಿಯ ಮರಾಠಿ ಗೆಳೆಯರು ಮಂತ್ರಿಗೆ ವಜೀರ ಅನ್ನುತ್ತಾರೆ. ಯಾವ ಹೆಸರಾದರೂ ಆದೀತು.

ನಮ್ಮೂರ ನಿಯಮ ಸ್ವಲ್ಪ ಪಕ್ಕಕ್ಕಿಡಿ

ಇದನ್ನು ಬೇರೆ ಭಾಗದ ಓದುಗರಿಗೆ ಹೇಳಬೇಕಾಗಿಲ್ಲ, ನಮ್ಮ ಕಡೆಯವರಿಗೆ ಹೇಳಲೇಬೇಕು. ಕಟ್ಟೆ ಮೇಲೆ ಹಿರಿಯರು ಆಡುವ ಬುದ್ಧಿಬಲದಲ್ಲಿ ಪ್ಯಾದೆ ಮೊದಲ ಸಲವೂ ಒಂದೇ ಮನೆ ನಡೆಯುತ್ತದೆ. ಕ್ಯಾಸ್ಲಿಂಗ್ ಇಲ್ಲ. ಅದರ ಬದಲು ರಾಜ ಒಂದು ಸಲ ಕುದುರೆಯ ಹಾಗೆ ಹಾರಬಹುದು. ಆ ಆಟದ ರುಚಿಯೇ ಬೇರೆ, ನನಗೂ ಇಷ್ಟ. ಆದರೆ ರೆಟ್ರೊ ಸಮಸ್ಯೆಗಳಲ್ಲಿ ಹೆಚ್ಚಿನವು ನಿಂತಿರುವುದೇ ಎರಡು ಮನೆ ಹಾರುವ ಪ್ಯಾದೆ ಮತ್ತು ಕ್ಯಾಸ್ಲಿಂಗ್ ಮೇಲೆ. ಅಜ್ಜನಿಂದ ಆಟ ಕಲಿತ ಮಕ್ಕಳು ಇಲ್ಲೇ ಎಡವುತ್ತಾರೆ. ಅವರ ತರ್ಕ ಸರಿಯಾಗಿಯೇ ಇರುತ್ತದೆ, ನಿಯಮ ಮಾತ್ರ ಬೇರೆಯದಾಗಿರುತ್ತದೆ.

ಬೇಕಾಗುವ ಸಾಮಾನು

ನಿಜವಾದ ಬೋರ್ಡ್, ಕಾಯಿಗಳು, ಒಂದು ಪೆನ್ಸಿಲ್, ಹಾಳೆ, ಒಂದು ಹಿಡಿ ಜೋಳದ ಕಾಳು. ಕಾಳು ಯಾಕೆ ಅಂತ 3ನೇ ಹಂತದಲ್ಲಿ ಗೊತ್ತಾಗುತ್ತದೆ. ಫೋನ್ ಸದ್ಯಕ್ಕೆ ದೂರ ಇರಲಿ.

ಹಂತ 1: ಎರಡು ಒಪ್ಪಂದಗಳನ್ನು ಬಾಯಿಪಾಠ ಮಾಡಿ

ಸಮಸ್ಯೆ ಕಟ್ಟುವವರು 1958ರಲ್ಲಿ ಪಿರಾನ್ ಎಂಬ ಊರಲ್ಲಿ ಸೇರಿ ನಿಯಮಾವಳಿ ಮಾಡಿಕೊಂಡರು. ಆಮೇಲೆ ಅದು ತಿದ್ದುಪಡಿ ಆಗುತ್ತಾ ಬಂದಿದೆ. ಅದರಲ್ಲಿ ನಮಗೆ ಬೇಕಾದ್ದು ಎರಡೇ.

ಕ್ಯಾಸ್ಲಿಂಗ್: ರಾಜ, ಆನೆ ತಮ್ಮ ಮೂಲ ಮನೆಯಲ್ಲಿದ್ದರೆ ಕ್ಯಾಸ್ಲಿಂಗ್ ಮಾಡಬಹುದು ಅಂತಲೇ ಹಿಡಿಯಬೇಕು. ಆಗದು ಅನ್ನುವವರು ಅದನ್ನು ಸಾಬೀತು ಮಾಡಬೇಕು.

ಆನ್ ಪಾಸಾಂ: ಮೊದಲ ನಡೆಯಲ್ಲೇ ಹೊಡೆಯಬೇಕಾದರೆ, ಎದುರಾಳಿಯ ಕೊನೆಯ ನಡೆ ಎರಡು ಮನೆಯ ಹಾರಿಕೆಯೇ ಆಗಿತ್ತು ಅಂತ ಹೊಡೆಯುವವರು ಸಾಬೀತು ಮಾಡಬೇಕು.

ನೋಡಿ, ಒಂದರಲ್ಲಿ ಸಾಬೀತಿನ ಹೊರೆ 'ಆಗದು' ಅನ್ನುವವರ ಮೇಲೆ, ಇನ್ನೊಂದರಲ್ಲಿ 'ಆಗುತ್ತದೆ' ಅನ್ನುವವರ ಮೇಲೆ. ನನಗೆ ಬರುವ ಪ್ರಶ್ನೆಗಳಲ್ಲಿ ಅರ್ಧದಷ್ಟು ಇವೆರಡನ್ನು ಅದಲುಬದಲು ಮಾಡಿಕೊಂಡದ್ದರಿಂದಲೇ ಹುಟ್ಟಿದವು.

ಹಂತ 2: ಕಾಯಿ ಇಟ್ಟು, 'ಕೊನೆಗೆ ನಡೆದವರು ಯಾರು?' ಅಂತ ಕೇಳಿ

ಹೆಲ್ಪ್‌ಮೇಟ್‌ನಲ್ಲಿ ಈಗ ಕಪ್ಪಿನ ಸರದಿ. ಅಂದರೆ ಇದಕ್ಕೆ ಮೊದಲು ನಡೆದದ್ದು ಬಿಳಿ. ಹಾಗಾಗಿ ನಿಮ್ಮ ಮೊದಲ ಹುಡುಕಾಟ ಬಿಳಿಯ ಕೊನೆಯ ನಡೆಗೆ. ಅದೊಂದೇ ನಡೆಗೆ. ಹತ್ತು ನಡೆ ಹಿಂದೆ ಹೋಗಲು ನೋಡಬೇಡಿ, ತಲೆ ಕೆಡುತ್ತದೆ.

ಈಗ ಈ ಸ್ಥಿತಿ ಇಡಿ. (ಎ ಇಂದ ಎಚ್ ಅಂದರೆ ಬಿಳಿಯ ಎಡದಿಂದ ಬಲಕ್ಕೆ ಕಂಬಸಾಲುಗಳು, 1ರಿಂದ 8 ಅಂದರೆ ಬಿಳಿಯ ಕಡೆಯಿಂದ ಅಡ್ಡಸಾಲುಗಳು.) ಹೊಸಬರಿಗೆ ಅನುಕೂಲ ಆಗಲಿ ಅಂತ ನಾನೇ ಕಟ್ಟಿದ್ದು.

ಬಿಳಿ: ರಾಜ ಎಚ್3. ಪ್ಯಾದೆಗಳು ಡಿ2, ಜಿ4, ಎಚ್2.
ಕಪ್ಪು: ರಾಜ ಎಫ್4. ಆನೆಗಳು ಇ5, ಎಫ್5. ಪ್ಯಾದೆಗಳು ಎಫ್3, ಇ4, ಎಚ್4, ಜಿ5.
ಪ್ರಶ್ನೆ: ಹೆಲ್ಪ್‌ಮೇಟ್ 1.

ಒಂದೆರಡು ನಿಮಿಷ ಸುಮ್ನೆ ನೋಡಿ. ಕಪ್ಪು ರಾಜನಿಗೆ ಹೋಗಲು ಒಂದೂ ಮನೆ ಇಲ್ಲ. ಇ3 ಮನೆಯನ್ನು ಡಿ2 ಪ್ಯಾದೆ ಕಾಯುತ್ತಿದೆ. ಜಿ3, ಜಿ4 ಎರಡನ್ನೂ ಬಿಳಿ ರಾಜ ಕಾಯುತ್ತಿದ್ದಾನೆ. ಉಳಿದ ಐದು ಮನೆಯಲ್ಲೂ ಕಪ್ಪಿನದೇ ಕಾಯಿಗಳು. ಒಂದು ಚೆಕ್ ಸಿಕ್ಕರೆ ಕೆಲಸ ಮುಗಿಯಿತು. ಆದರೆ ಬಿಳಿ ಹತ್ತಿರ ಇರುವುದು ಬರೀ ಪ್ಯಾದೆಗಳು. ಎಫ್4ಕ್ಕೆ ಪ್ಯಾದೆಯಿಂದ ಚೆಕ್ ಕೊಡಬೇಕಾದರೆ ಅದು ಇ3ಕ್ಕೋ ಜಿ3ಕ್ಕೋ ಬರಬೇಕು. ಅಲ್ಲಿಗೆ ಬರಲು ಇರುವ ದಾರಿ ಏನನ್ನಾದರೂ ಹೊಡೆಯುವುದು. ಕಪ್ಪು ಇ4 ಪ್ಯಾದೆಯನ್ನು ಇ3ಕ್ಕೆ ತಂದುಕೊಟ್ಟರೆ ಡಿ2 ಪ್ಯಾದೆ ಹೊಡೆದು ಚೆಕ್ ಕೊಡುತ್ತದೆ, ನಿಜ. ಆದರೆ ಇ4 ಖಾಲಿಯಾಗಿ ರಾಜ ತಪ್ಪಿಸಿಕೊಳ್ಳುತ್ತಾನೆ. ಇ3 ಪ್ಯಾದೆಗೆ ಬೆಂಬಲವೂ ಇಲ್ಲ, ರಾಜ ಅದನ್ನೇ ಹೊಡೆದುಬಿಡಬಹುದು.

ಉಳಿದದ್ದು ಜಿ3. ಕಪ್ಪಿನ ಎಚ್4 ಪ್ಯಾದೆ ಆನ್ ಪಾಸಾಂ ಆಗಿ ಜಿ3ಕ್ಕೆ ಬಂದರೆ, ಎಚ್2 ಪ್ಯಾದೆ ಅದನ್ನು ಹೊಡೆದು ಚೆಕ್ ಕೊಡುತ್ತದೆ. ಹೌದು, ಕಣ್ಣಿಗೆ ಕಾಣುತ್ತದೆ. ಆದರೆ ಸಾಬೀತು?

ಹಂತ 3: ಅಲುಗದ ಕಾಯಿಗಳನ್ನು ಬದಿಗೆ ಸರಿಸಿ, ಉಳಿದವಕ್ಕೆ ಕಾಳು ಇಡಿ

ಇದೇ ಮುಖ್ಯ ಹಂತ. ನಿಧಾನವಾಗಿ ಬನ್ನಿ.

ಬಿಳಿಯ ಒಂದೊಂದೇ ಕಾಯಿ ತಗೊಳ್ಳಿ. 'ನೀನು ಈಗಷ್ಟೇ ನಡೆದು ಬಂದೆಯಾ? ಬಂದಿದ್ದರೆ ಎಲ್ಲಿಂದ?' ಅಂತ ಕೇಳಿ. ಅದು ಬಂದಿರಬಹುದಾದ ಪ್ರತಿ ಮನೆಯ ಮೇಲೂ ಒಂದು ಜೋಳದ ಕಾಳು ಇಡಿ. ಆಮೇಲೆ ಕಾರಣ ಸಿಕ್ಕಂತೆ ಒಂದೊಂದೇ ಕಾಳು ತೆಗೆಯಿರಿ. ಕೊನೆಗೆ ಎಲ್ಲಿ ಕಾಳು ಉಳಿಯುತ್ತದೋ ಅದೇ ಉತ್ತರ. ಮನಸ್ಸಲ್ಲೇ ಮಾಡುತ್ತೇನೆ ಅನ್ನುವವರು ಒಂದು ಮನೆ ಮರೆತೇ ಮರೆಯುತ್ತಾರೆ.

ಡಿ2, ಎಚ್2 ಪ್ಯಾದೆಗಳು ಹುಟ್ಟಿದ ಮನೆಯಲ್ಲೇ ಇವೆ. ಪ್ಯಾದೆ ಹಿಂದಕ್ಕೆ ಬರುವುದಿಲ್ಲ, ಹಾಗಾಗಿ ಇವು ಅಲುಗಿಲ್ಲ. ಕಾಳು ಬೇಡ.

ಈಗ ರಾಜ, ಎಚ್3. ಸುತ್ತ ಐದು ಮನೆ. ಎಚ್2, ಎಚ್4, ಜಿ4 ಮೂರರಲ್ಲೂ ಕಾಯಿ ಇದೆ, ಅಲ್ಲಿಂದ ಬಂದಿರಲಾರ. ಜಿ3ರಿಂದ? ಅದು ಕಪ್ಪು ರಾಜನ ಪಕ್ಕದ ಮನೆ. ಇಬ್ಬರು ರಾಜರು ಪಕ್ಕಪಕ್ಕ ನಿಲ್ಲುವಂತಿಲ್ಲ. ಕಾಳು ತೆಗೆಯಿರಿ. ಉಳಿದದ್ದು ಜಿ2.

ಜಿ2 ಖಾಲಿ ಇದೆ. ಬಹಳ ಜನ ಇಲ್ಲಿ ನಿಂತುಬಿಡುತ್ತಾರೆ. 'ರಾಜ ಜಿ2ರಿಂದ ಬಂದಿರಬಹುದಲ್ಲ, ಮುಗಿಯಿತು, ಆನ್ ಪಾಸಾಂ ಸಾಬೀತಾಗಲ್ಲ' ಅಂತ. ಇನ್ನೊಂದು ಹೆಜ್ಜೆ ಹಿಂದೆ ಹೋಗಿ. ರಾಜ ಜಿ2ರಲ್ಲಿ ಇದ್ದಿದ್ದರೆ ಎಫ್3ರ ಕಪ್ಪು ಪ್ಯಾದೆಯಿಂದ ಅವನಿಗೆ ಚೆಕ್ ಇತ್ತು. ಆ ಚೆಕ್ ಕಪ್ಪಿನ ಅದಕ್ಕೂ ಹಿಂದಿನ ನಡೆಯಲ್ಲೇ ಬಂದಿರಬೇಕು. ಪ್ಯಾದೆಯ ಚೆಕ್ ಬರುವುದು ಆ ಪ್ಯಾದೆ ನಡೆದಾಗ ಮಾತ್ರ. ಅಂದರೆ ಆ ಪ್ಯಾದೆ ಆಗಷ್ಟೇ ಎಫ್3ಕ್ಕೆ ಬಂದಿರಬೇಕು. ಎಲ್ಲಿಂದ? ಎಫ್4ರಿಂದ ಅಂದರೆ ಅಲ್ಲಿ ಕಪ್ಪು ರಾಜ ಕೂತಿದ್ದಾನೆ. ಇ4ರಿಂದ ಹೊಡೆದು ಬಂತು ಅಂದರೆ ಅಲ್ಲಿ ಇನ್ನೊಂದು ಕಪ್ಪು ಪ್ಯಾದೆ ಇದೆ. ಜಿ4ರಿಂದ ಹೊಡೆದು ಬಂತು ಅಂದರೆ ಅಲ್ಲಿ ಬಿಳಿ ಪ್ಯಾದೆ ಇದೆ. ಮೂರೂ ದಾರಿ ಬಂದ್. ಹಾಗಾಗಿ ಆ ಚೆಕ್ ಬರಲು ಸಾಧ್ಯವೇ ಇರಲಿಲ್ಲ. ರಾಜ ಜಿ2ರಲ್ಲಿ ಇರಲೇ ಇಲ್ಲ. ಆ ಕಾಳನ್ನೂ ತೆಗೆಯಿರಿ.

ಇದಕ್ಕೆ 'ಅಸಾಧ್ಯ ಚೆಕ್' ಅನ್ನುತ್ತಾರೆ. ರೆಟ್ರೊ ಕಲಿಯುವವರು ಮೊದಲು ಕೈವಶ ಮಾಡಿಕೊಳ್ಳಬೇಕಾದ ಆಯುಧ ಇದೇ ಅಂತ ನನ್ನ ಅಭಿಪ್ರಾಯ.

ಕೊನೆಗೆ ಜಿ4 ಪ್ಯಾದೆ. ಇದು ಬಂದಿರಬಹುದಾದದ್ದು ನಾಲ್ಕು ಮನೆಯಿಂದ: ಎಫ್3, ಎಚ್3, ಜಿ3, ಜಿ2. ಎಫ್3ರಲ್ಲಿ ಕಪ್ಪು ಪ್ಯಾದೆ, ಎಚ್3ರಲ್ಲಿ ಸ್ವಂತ ರಾಜ. ಎರಡೂ ಹೋದವು. ಜಿ3ರಿಂದ? ಜಿ3ರಲ್ಲಿ ಬಿಳಿ ಪ್ಯಾದೆ ಇದ್ದಿದ್ದರೆ ಎಫ್4ರ ಕಪ್ಪು ರಾಜನಿಗೆ ಚೆಕ್ ಇತ್ತು. ಆಗ ಸರದಿ ಬಿಳಿಯದು. ಚೆಕ್‌ನಲ್ಲಿರುವ ರಾಜನನ್ನು ಹಾಗೇ ಬಿಟ್ಟು ಕಪ್ಪು ಬೇರೆ ನಡೆ ಆಡಿರಲಾರದು. ಅದೂ ಹೋಯಿತು.

ಬೋರ್ಡ್ ಮೇಲೆ ಒಂದೇ ಕಾಳು ಉಳಿದಿದೆ, ಜಿ2. ಬಿಳಿಯ ಕೊನೆಯ ನಡೆ ಜಿ2ರಿಂದ ಜಿ4. ಸಾಬೀತಾಯಿತು.

ಹಂತ 4: ಈಗ ಮುಂದಕ್ಕೆ ಆಡಿ

1. ಕಪ್ಪು ಎಚ್4 ಪ್ಯಾದೆ ಆನ್ ಪಾಸಾಂ ಹೊಡೆದು ಜಿ3ಕ್ಕೆ. ಬಿಳಿ ಎಚ್2 ಪ್ಯಾದೆ ಜಿ3ರಲ್ಲಿ ಹೊಡೆದು ಮೇಟ್.

ಮೇಟ್ ಆಯಿತೇ ಅಂತ ಸಹ ಬೆರಳಿಟ್ಟು ನೋಡಿ. ಜಿ4 ಪ್ಯಾದೆ ಮಾಯವಾಗಿ ಆ ಮನೆ ಖಾಲಿಯಾಗಿದೆ, ಆದರೆ ಬಿಳಿ ರಾಜ ಅದನ್ನು ಕಾಯುತ್ತಿದ್ದಾನೆ. ಜಿ3 ಪ್ಯಾದೆಗೂ ಅವನದೇ ಬೆಂಬಲ. ಅದನ್ನು ಹೊಡೆಯಬಲ್ಲ ಕಪ್ಪು ಕಾಯಿ ಯಾವುದೂ ಇಲ್ಲ. ಆನ್ ಪಾಸಾಂನಲ್ಲಿ ಎರಡು ಮನೆ ಒಟ್ಟಿಗೆ ಖಾಲಿಯಾಗುತ್ತವೆ ಅನ್ನುವುದನ್ನು ಮರೆಯಬೇಡಿ: ಹೊಡೆದ ಪ್ಯಾದೆಯ ಮನೆ, ಹೊಡೆಸಿಕೊಂಡ ಪ್ಯಾದೆಯ ಮನೆ. ಹೊಸ ದಾರಿ ತೆರೆದು ರಾಜನಿಗೆ ಚೆಕ್ ಬಿದ್ದರೆ ಆ ನಡೆಯೇ ನಿಷಿದ್ಧ.

ಹಂತ 5: ಕ್ಯಾಸ್ಲಿಂಗ್ ಇದ್ದರೆ

ಕಾಳಿನ ವಿಧಾನ ಇಲ್ಲೂ ಅದೇ. ಬಿಳಿ ಹತ್ತಿರ ಇಷ್ಟೇ ಇದೆ ಅಂದುಕೊಳ್ಳಿ: ರಾಜ ಇ1, ಆನೆ ಎ1, ಪ್ಯಾದೆಗಳು ಎ2, ಬಿ2, ಎಫ್2, ಜಿ2, ಎಚ್2. ಸರದಿ ಕಪ್ಪಿನದು. ಬಿಳಿಯ ಕೊನೆಯ ನಡೆ ಯಾವುದು? ಪ್ಯಾದೆಗಳು ಅಲುಗಿಲ್ಲ. ಹಾಗಾದರೆ ನಡೆದದ್ದು ರಾಜ, ಇಲ್ಲವೇ ಆನೆ. ಯಾರು ನಡೆದಿದ್ದರೂ ಕ್ಯಾಸ್ಲಿಂಗ್ ಹಕ್ಕು ಹೋಯಿತು. ಎರಡೂ ಜಾಗದಲ್ಲೇ ಕಾಣುತ್ತಿವೆ, ಆದರೂ ಕ್ಯಾಸ್ಲಿಂಗ್ ಇಲ್ಲ. ಮೇಲೆ ಕೇಳಿದ ಎರಡನೇ ಪ್ರಶ್ನೆಗೆ ಉತ್ತರ ಇದೇ.

ಈಗ ಎಚ್1ರಲ್ಲಿ ಇನ್ನೊಂದು ಆನೆ ಸೇರಿಸಿ. ಕೊನೆಗೆ ನಡೆದದ್ದು ರಾಜನೋ, ಈ ಆನೆಯೋ, ಆ ಆನೆಯೋ ಹೇಳಲಾಗದು. ಎರಡೂ ಕಡೆ ಕ್ಯಾಸ್ಲಿಂಗ್ ಹಕ್ಕು ಒಟ್ಟಿಗೆ ಉಳಿದಿರಲು ಸಾಧ್ಯವಿಲ್ಲ ಅನ್ನುವುದು ಮಾತ್ರ ಖಂಡಿತ. ಇಂಥ ಕಡೆ ಸಮಸ್ಯೆಯ ಕೆಳಗೆ ಏನು ಬರೆದಿದೆ ನೋಡಿ. 'ಭಾಗಶಃ ರೆಟ್ರೊ' ಅಂತಿದ್ದರೆ ಎರಡು ಉತ್ತರ ಬರೆಯಬೇಕು: ಈ ಕಡೆ ಹಕ್ಕು ಇದ್ದರೆ ಹೀಗೆ, ಆ ಕಡೆ ಇದ್ದರೆ ಹಾಗೆ. 'ರೆಟ್ರೊ ತಂತ್ರ' ಅಂತಿದ್ದರೆ ಯಾವ ಕಡೆ ಮೊದಲು ಕ್ಯಾಸ್ಲಿಂಗ್ ಮಾಡುತ್ತೀರೋ ಆ ಕಡೆಯ ಹಕ್ಕು ಇತ್ತು ಅಂತ ಲೆಕ್ಕ, ಇನ್ನೊಂದು ಕಡೆಯದು ಅಲ್ಲಿಗೆ ಮುಗಿಯಿತು.

ಒಂದು ಎಚ್ಚರಿಕೆ. ಇದೇ ತರ್ಕವನ್ನು ಕಪ್ಪಿನ ಕ್ಯಾಸ್ಲಿಂಗ್‌ಗೆ ಹಾಗೇ ಹಾಕಬೇಡಿ. ಕಪ್ಪಿನ ಕೊನೆಯ ನಡೆ ಆಡಿದ ಕಾಯಿಯನ್ನು ಬಿಳಿ ಅದರ ನಂತರದ ನಡೆಯಲ್ಲಿ ಹೊಡೆದಿರಬಹುದು. ಆ ಕಾಯಿ ಈಗ ಬೋರ್ಡ್ ಮೇಲೇ ಇಲ್ಲ. ಬಿಳಿಯ ಕೊನೆಯ ನಡೆ ಹೊಡೆತ ಆಗಿರಲಿಲ್ಲ ಅಂತ ಮೊದಲು ತೋರಿಸಿ, ಆಮೇಲೆ ಕಪ್ಪಿನ ವಿಚಾರಕ್ಕೆ ಬನ್ನಿ.

ಹಂತ 6: ಕೊನೆಯ ನಡೆ ಸಾಲದಿದ್ದರೆ ಎಣಿಸಿ

ಕಾಯಿ ಜಾಸ್ತಿ ಇರುವ ಸಮಸ್ಯೆಗಳಲ್ಲಿ ಕಾಳು ಸಾಕಾಗುವುದಿಲ್ಲ, ಲೆಕ್ಕ ಬೇಕು. ಹಾಳೆಯಲ್ಲಿ ಎರಡು ಸಾಲು ಬರೆಯಿರಿ: ಬಿಳಿಯ ಎಷ್ಟು ಕಾಯಿ ಕಾಣೆಯಾಗಿವೆ, ಕಪ್ಪಿನ ಎಷ್ಟು. ಪಕ್ಕದಲ್ಲಿ ಪ್ಯಾದೆಗಳು ಎಷ್ಟು ಸಲ ಹೊಡೆದಿರಬೇಕು ಅಂತ ಬರೆಯಿರಿ. ಪ್ಯಾದೆ ಒಂದು ಕಂಬಸಾಲಿಂದ ಪಕ್ಕದ ಸಾಲಿಗೆ ಬಂದಿದ್ದರೆ ಒಂದು ಹೊಡೆತ. ಹೊಡೆತಗಳ ಸಂಖ್ಯೆ ಎದುರಾಳಿಯ ಕಾಣೆಯಾದ ಕಾಯಿಗಳಿಗೆ ಸರಿಯಾಗಿ ಹೊಂದಿದರೆ, ಬೇರೆ ಯಾವ ಹೊಡೆತವೂ ಆಗಿಲ್ಲ ಅಂತ ಅರ್ಥ. ಅದರಿಂದ ಬಹಳ ಸಂಗತಿ ಹೊರಬರುತ್ತವೆ.

ಜೊತೆಗೆ ಎರಡು ಗುರುತು ನೆನಪಿಡಿ. ಬಿ2, ಡಿ2 ಬಿಳಿ ಪ್ಯಾದೆಗಳು ಅಲುಗಿಲ್ಲ ಅಂದರೆ ಸಿ1ರ ಒಂಟೆ ಹೊರಗೆ ಬಂದೇ ಇಲ್ಲ. ಆ ಬಣ್ಣದ ಮನೆಯ ಬಿಳಿ ಒಂಟೆ ಹೊರಗೆ ಕಂಡರೆ ಅದು ಪ್ಯಾದೆ ಕೊನೆಯ ಸಾಲು ಮುಟ್ಟಿ ಬಡ್ತಿ ಪಡೆದು ಆದದ್ದು. ಇನ್ನೊಂದು: ಬಡ್ತಿಗೆ ಹೋದ ಬಿಳಿ ಪ್ಯಾದೆ ಡಿ7 ಅಥವಾ ಎಫ್7 ಮೂಲಕವೇ ಹೋಗಿರಬೇಕು ಅಂತಾದರೆ, ಇ8ರಲ್ಲಿದ್ದ ಕಪ್ಪು ರಾಜನಿಗೆ ಚೆಕ್ ಬಿದ್ದಿರುತ್ತದೆ. ಪ್ಯಾದೆಯ ಚೆಕ್‌ಗೆ ಅಡ್ಡ ಹಾಕಲು ಆಗುವುದಿಲ್ಲ. ಪ್ಯಾದೆ ಸತ್ತಿಲ್ಲ, ಬಡ್ತಿ ಪಡೆದಿದೆ. ಹಾಗಾದರೆ ರಾಜ ನಡೆದಿದ್ದಾನೆ, ಇಲ್ಲವೇ ಮೊದಲೇ ಅಲ್ಲಿಂದ ಎದ್ದಿದ್ದ. ಹೇಗಿದ್ದರೂ ಕಪ್ಪು ಕ್ಯಾಸ್ಲಿಂಗ್ ಹೋಯಿತು.

ಸಾಮಾನ್ಯವಾಗಿ ಆಗುವ ತಪ್ಪುಗಳು

ಫೋನಿಗೆ ಕೊಟ್ಟು ನೋಡುವುದು. ಆಟದ ಆ್ಯಪ್‌ಗೆ ಸ್ಥಿತಿ ಹಾಕುವಾಗ ಕ್ಯಾಸ್ಲಿಂಗ್ ಹಕ್ಕು ಇದೆಯೋ ಇಲ್ಲವೋ, ಆನ್ ಪಾಸಾಂ ಮನೆ ಯಾವುದು ಅಂತ ನೀವೇ ತುಂಬಬೇಕು. ತುಂಬದಿದ್ದರೆ 'ಈ ನಡೆ ಇಲ್ಲ' ಅನ್ನುತ್ತದೆ. ಅದಲ್ಲದೆ ಮಾಮೂಲಿ ಆ್ಯಪ್ ಇಬ್ಬರನ್ನೂ ಎದುರಾಳಿಗಳು ಅಂತಲೇ ತಿಳಿದು ಆಡುತ್ತದೆ, ಹೆಲ್ಪ್‌ಮೇಟ್ ಅದಕ್ಕೆ ಗೊತ್ತಿಲ್ಲ. ಪೊಪೈ ಎಂಬ ಉಚಿತ ತಂತ್ರಾಂಶ ಹೆಲ್ಪ್‌ಮೇಟ್ ಪರೀಕ್ಷಿಸಲು ಚೆನ್ನಾಗಿದೆ. ಮುಂದಿನ ಆಟ ಸರಿಯೇ ಅಂತ ನೋಡಲು ಬಳಸಿ, ಹಿಂದಿನ ತರ್ಕ ಮಾತ್ರ ನಿಮ್ಮದೇ ಇರಲಿ.

'ಹೀಗೆ ಯಾರು ಆಡ್ತಾರೆ?' ಅಂತ ಕೇಳುವುದು. ರೆಟ್ರೊದಲ್ಲಿ ಒಳ್ಳೆಯ ನಡೆ, ಕೆಟ್ಟ ನಡೆ ಅನ್ನುವುದಿಲ್ಲ. ನಿಯಮಕ್ಕೆ ಸರಿಯಾಗಿದ್ದರೆ ಎಷ್ಟೇ ದಡ್ಡ ನಡೆಯಾದರೂ ಸಾಧ್ಯ. ನೀವು ತೆಗೆಯುವ ಪ್ರತಿ ಕಾಳಿಗೂ ನಿಯಮದ ಕಾರಣವೇ ಬೇಕು.

ಉತ್ತರದಲ್ಲಿ ಬರೀ ನಡೆ ಬರೆದು ಕಳಿಸುವುದು. ಆನ್ ಪಾಸಾಂ ಅಂತ ಬರೆದರೆ ಕೆಳಗೆ ಎರಡು ಸಾಲಿನ ಸಾಬೀತು ಬರೆಯಿರಿ. ನನ್ನ ಪ್ರಕಾರ ಉತ್ತರದ ಜೀವ ಅದೇ.

ಒಂದು ಅಭ್ಯಾಸ

ಮೇಲಿನ ಸ್ಥಿತಿಯನ್ನೇ ಮತ್ತೆ ಇಡಿ. ಎಫ್3ರ ಕಪ್ಪು ಪ್ಯಾದೆ ತೆಗೆದು ಅಲ್ಲಿ ಕಪ್ಪು ಕುದುರೆ ನಿಲ್ಲಿಸಿ. ಉಳಿದದ್ದೆಲ್ಲ ಹಾಗೇ. ಮೇಟ್‌ನ ಚಿತ್ರ ಸ್ವಲ್ಪವೂ ಬದಲಾಗುವುದಿಲ್ಲ, ಕುದುರೆ ಜಿ3ರ ಪ್ಯಾದೆಯನ್ನು ಹೊಡೆಯಲಾರದು. ಹಾಗಾದರೆ ಹೆಲ್ಪ್‌ಮೇಟ್ 1 ಈಗಲೂ ಆಗುತ್ತದೆಯೇ? ಓದುವುದು ನಿಲ್ಲಿಸಿ, ಕಾಳು ಇಟ್ಟು ನೋಡಿ.

ಆಗುವುದಿಲ್ಲ. ಎಫ್3ರ ಕುದುರೆ ಜಿ2 ಮನೆಯನ್ನು ಕಾಯುವುದಿಲ್ಲ. ಬಿಳಿ ರಾಜ ಅಲ್ಲಿ ಆರಾಮಾಗಿ ನಿಂತಿದ್ದು ಎಚ್3ಕ್ಕೆ ಬಂದಿರಬಹುದು, ಜಿ4 ಪ್ಯಾದೆ ಎಷ್ಟೋ ನಡೆ ಮೊದಲೇ ಅಲ್ಲಿಗೆ ಬಂದಿರಬಹುದು. ಬೋರ್ಡ್ ಮೇಲೆ ಈಗ ಎರಡು ಕಾಳು ಉಳಿಯುತ್ತವೆ, ಎರಡೂ ಜಿ2ರಲ್ಲೇ: ಒಂದು ರಾಜನದು, ಒಂದು ಪ್ಯಾದೆಯದು.